ಫ್ಲಾರೆನ್ಸ್‌ಗೆ ಒಂದೇ ದಿನ, ಜೊತೆಗೆ ಅಪ್ಪ-ಅಮ್ಮ, ಊಟ ಪ್ಯೂರ್ ವೆಜ್: ಏನು ನೋಡೋದು, ಏನು ಬಿಡೋದು?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಇದೀವಿ. ಮೇ ಕೊನೇಲಿ ಬೆಳಗಾವಿಯಿಂದ ಅಪ್ಪ-ಅಮ್ಮ ಬರ್ತಿದಾರೆ. ರೋಮ್‌ನಲ್ಲಿ ರೂಮ್ ಮಾಡಿ, ಒಂದು ಸೋಮವಾರ ಬೆಳಿಗ್ಗೆ ಫ್ಲಾರೆನ್ಸ್‌ಗೆ ಹೋಗಿ ರಾತ್ರಿ ವಾಪಸ್ ಬರೋ ಪ್ಲ್ಯಾನ್. ಲಿಸ್ಟ್‌ನಲ್ಲಿ ಇರೋದು: ಉಫೀತ್ಸಿ ಗ್ಯಾಲರಿ, ಡೇವಿಡ್ ಮೂರ್ತಿ, ಕೆಥೆಡ್ರಲ್ ಗುಮ್ಮಟ ಹತ್ತೋದು, ಪಿತ್ತಿ ಅರಮನೆ, ಬೊಬೊಲಿ ತೋಟ, ಪೊಂತೆ ವೆಕ್ಯೋ, ಸಾಂತಾ ಕ್ರೋಚೆ, ಸಂಜೆ ಗುಡ್ಡದ ಮೇಲಿನ ವ್ಯೂ ಪಾಯಿಂಟ್, ಟೈಮ್ ಉಳಿದ್ರೆ ಪೀಸಾ. ಅಮ್ಮಂಗೆ ಮೊಣಕಾಲು ನೋವು. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಇತಿಹಾಸ ಅಂದ್ರೆ ಪ್ರಾಣ. ಇಬ್ರೂ ಮೊಟ್ಟೆನೂ ಮುಟ್ಟಲ್ಲ. ಮಗಳಿಗೆ 12 ವರ್ಷ. ಕಾರ್ ಬಾಡಿಗೆ ತಗೊಂಡ್ರೆ ಸುಲಭ ಆಗುತ್ತಾ?

ಉತ್ತರ:

ಮೊದ್ಲು ಸೋಮವಾರನ ಬದಲಾಯಿಸಿ, ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ. ಉಫೀತ್ಸಿ, ಡೇವಿಡ್ ಇರೋ ಅಕಾದೆಮಿಯಾ, ಪಿತ್ತಿ ಅರಮನೆ ಮೂರೂ ಸೋಮವಾರ ರಜ. ಇದು ಗೊತ್ತಿಲ್ದೆ ಬಂದು ಗೇಟ್ ಮುಂದೆ ನಿಂತು ಸೆಲ್ಫಿ ತಗೊಂಡು ಹೋಗೋರನ್ನ ಇಲ್ಲಿ ಗೈಡ್ ಕೆಲಸ ಮಾಡೋ ನಮ್ಮಂಥೋರು ಸೀಸನ್ ಪೂರ್ತಿ ನೋಡ್ತಾನೇ ಇರ್ತೀವಿ. ಮಂಗಳವಾರಾನೂ ಬೇಡ, ಯಾಕೆ ಅಂತ ಗೆಲಿಲಿಯೋ ಮ್ಯೂಸಿಯಂ ಹತ್ರ ಬಂದಾಗ ಹೇಳ್ತೀನಿ. ಬುಧವಾರ ಅಥವಾ ಗುರುವಾರ ಇಟ್ಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ ಫ್ರೀ ಅಂತ ಯಾರಾದ್ರೂ ಹೇಳಿದ್ರೆ ಆ ಕಡೆ ತಲೆ ಹಾಕ್ಬೇಡಿ, ಫ್ರೀ ಅಂದ್ಮೇಲೆ ಕ್ಯೂ ಹೇಗಿರುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ.

ಎರಡನೇದು, ಪೀಸಾ ಕೈಬಿಡಿ. ರೈಲಲ್ಲಿ ಹೋಗೋಕೆ ಒಂದು ಗಂಟೆ, ಸ್ಟೇಷನ್‌ನಿಂದ ಗೋಪುರದ ತನಕ ನಡಿಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ಮತ್ತೆ ಅಷ್ಟೇ ವಾಪಸ್, ಗೋಪುರಕ್ಕೆ ಕೈ ಕೊಟ್ಟಂಗೆ ಫೋಟೋ ತೆಗೆಸ್ಕೊಳ್ಳೋದ್ರಲ್ಲಿ ನಿಮ್ಮ ಅರ್ಧ ದಿನ ಮುಗೀತು.

ಮಿಕ್ಕ ಲಿಸ್ಟ್ ಬಗ್ಗೆ ನನ್ನ ಲೆಕ್ಕ ಸ್ವಲ್ಪ ಬೇರೆ. ಜನ ಮ್ಯಾಪ್ ನೋಡಿ, ಊರು ಚಿಕ್ಕದು, ಎಲ್ಲಾ ನಡೆಯೋ ದೂರದಲ್ಲೇ ಇದೆ, ಒಂಬತ್ತು ಜಾಗ ಆರಾಮಾಗಿ ಆಗುತ್ತೆ ಅಂತ ಪ್ಲ್ಯಾನ್ ಹಾಕ್ತಾರೆ. ಊರು ಚಿಕ್ಕದು ನಿಜ, ಆದ್ರೆ ಇಲ್ಲಿ ಕಾಲು ಸೋಲೋದು ನಡೆದು ಅಲ್ಲ, ನಿಂತು. ಕ್ಯೂನಲ್ಲಿ ನಿಲ್ಲೋದು, ಚಿತ್ರದ ಮುಂದೆ ನಿಲ್ಲೋದು, ಕಲ್ಲುಹಾಸಿನ ಮೇಲೆ ನಿಲ್ಲೋದು. ಮೊಣಕಾಲು ನೋವಿರೋರಿಗೆ ಒಂದು ಕಿಲೋಮೀಟರ್ ನಡೆಯೋದಕ್ಕಿಂತ ಮುಕ್ಕಾಲು ಗಂಟೆ ನಿಲ್ಲೋದೇ ಕಷ್ಟ. ಹಾಗಾಗಿ ನಿಮ್ಮ ದಿನಕ್ಕೆ ಟೈಮ್ ಫಿಕ್ಸ್ ಮಾಡಿದ ಬುಕಿಂಗ್ ಎರಡೇ ಎರಡು ಸಾಕು, ಮಧ್ಯದಲ್ಲಿ ಕೂತು ಮಾಡೋ ದೊಡ್ಡ ಊಟ ಒಂದು, ಮಿಕ್ಕಿದ್ದೆಲ್ಲ ಹೊರಗಿಂದ.

ಇನ್ನೊಂದು ಮಾತು ಹೇಳಿದ್ರೆ ಇಲ್ಲಿನ ನನ್ನ ಸಹೋದ್ಯೋಗಿಗಳು ಹೊಡೆಯೋಕೆ ಬರ್ತಾರೆ: ಉಫೀತ್ಸಿ ಬಿಟ್ಬಿಡಿ. ಬೊತ್ತಿಚೆಲ್ಲಿಯ ವೀನಸ್ ಅಲ್ಲಿದೆ, ಲಿಯೊನಾರ್ಡೊ ಇದಾನೆ, ಕಾರವಾಜ್ಜೋ ಬರೆದ ಮೆಡೂಸಾ ಇದೆ, ಪ್ರಪಂಚದ ದೊಡ್ಡ ಸಂಗ್ರಹಗಳಲ್ಲಿ ಒಂದು, ಎಲ್ಲಾ ಒಪ್ಪಿದೆ. ಆದ್ರೆ ಅದು ಮೂರು ಗಂಟೆ ಕೇಳೋ ಜಾಗ, ಕೋಣೆಯಿಂದ ಕೋಣೆಗೆ ಮುಗಿಯೋದೇ ಇಲ್ಲ, 12 ವರ್ಷದ ಮಗು ನಾಲ್ಕನೇ ಮೇರಿ ಮಾತೆಯ ಚಿತ್ರದ ಹೊತ್ತಿಗೆ ಫೋನ್ ತೆಗೆಯುತ್ತೆ, ತಪ್ಪೇನಿಲ್ಲ. ಜಾಸ್ತಿ ಕಲೆ ಒಟ್ಟಿಗೆ ನೋಡಿ ತಲೆ ಸುತ್ತಿ ಎದೆ ಡವಡವ ಅನ್ನೋದಕ್ಕೆ ಇದೇ ಊರಿನ ಡಾಕ್ಟರ್ ಒಬ್ರು ಸ್ಟೆಂಡಾಲ್ ಸಿಂಡ್ರೋಮ್ ಅಂತ ಹೆಸರೇ ಇಟ್ಟಿದಾರೆ. 1817ರಲ್ಲಿ ಫ್ರೆಂಚ್ ಲೇಖಕ ಸ್ಟೆಂಡಾಲ್‌ಗೆ ಸಾಂತಾ ಕ್ರೋಚೆ ಚರ್ಚ್‌ನಲ್ಲಿ ಹಂಗಾಗಿತ್ತಂತೆ. ಉಫೀತ್ಸಿಗೇ ಅಂತ ಇನ್ನೊಂದ್ಸಲ ಬನ್ನಿ, ಅಥವಾ ನೀವು ದಂಪತಿಗಳು ಮಾತ್ರ ಬಂದಾಗ.

ಈಗ ದಿನ. ರೋಮ್ ತೆರ್ಮಿನಿಯಿಂದ ಹೈಸ್ಪೀಡ್ ರೈಲು ಒಂದೂವರೆ ಗಂಟೆ. ಎರಡು ಕಂಪನಿ ಓಡಿಸ್ತವೆ, ಬೇಗ ಬುಕ್ ಮಾಡಿದ್ರೆ ಅಗ್ಗ, ಹಿಂದಿನ ದಿನ ತಗೊಂಡ್ರೆ ಜೇಬು ಸುಡುತ್ತೆ. ಟಿಕೆಟ್ ಮೇಲೆ 'ಸಾಂತಾ ಮರಿಯಾ ನೊವೆಲ್ಲಾ' ಅಂತ ಇರೋದನ್ನೇ ನೋಡಿ ತಗೊಳ್ಳಿ, ಕೆಲವು ರೈಲು ಊರಾಚೆಯ ಕಾಂಪೊ ದಿ ಮಾರ್ತೆ, ರಿಫ್ರೇದಿ ಸ್ಟೇಷನ್‌ಗಳಲ್ಲಿ ನಿಲ್ತವೆ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಇಳಿದ್ರೆ ಅಕಾದೆಮಿಯಾಗೆ ಹತ್ತೂಕಾಲರ ಸ್ಲಾಟ್ ಹಾಕಿ. ನಿಧಾನಕ್ಕೆ ಹದಿನೈದು-ಇಪ್ಪತ್ತು ನಿಮಿಷದ ದಾರಿ, ಮಧ್ಯೆ ಒಂದು ಬಾರ್‌ನಲ್ಲಿ ಕಾಫಿ. ಗಾಬರಿ ಬೇಡ, ಇಲ್ಲಿ ಬಾರ್ ಅಂದ್ರೆ ನಮ್ಮ ದರ್ಶಿನಿ ಥರ, ಕೌಂಟರ್ ಹತ್ರ ನಿಂತು ಕುಡಿದ್ರೆ ಒಂದು ರೇಟು, ಟೇಬಲ್‌ನಲ್ಲಿ ಕೂತ್ರೆ ಇನ್ನೊಂದು ರೇಟು, ದೊಡ್ಡ ಚೌಕದಲ್ಲಿ ಕೂತ್ರಂತೂ ಮೂರು-ನಾಲ್ಕು ಪಟ್ಟು. ಬಾತ್‌ರೂಮ್ ಬೇಕಾದಾಗೆಲ್ಲ ಇದೇ ಉಪಾಯ, ಒಂದು ಎಸ್ಪ್ರೆಸೊ ತಗೊಂಡು ಕೀ ಕೇಳೋದು, ಎಲ್ರೂ ಮಾಡೋದು ಅದನ್ನೇ.

ಅಕಾದೆಮಿಯಾ ಟಿಕೆಟ್‌ನ ಅಧಿಕೃತ ಸೈಟಲ್ಲೇ ತಗೊಳ್ಳಿ. ಹುಡುಕಿದಾಗ ಮೇಲೆ ಬರೋ ಜಾಹೀರಾತಿನ ಸೈಟ್‌ಗಳು ಅದೇ ಟಿಕೆಟ್‌ನ ಡಬಲ್ ರೇಟಿಗೆ ಮಾರ್ತವೆ. ಮಗಳಿಗೆ ಟಿಕೆಟ್ ಇಲ್ಲ, 18ರೊಳಗಿನ ಯಾವ ದೇಶದ ಮಕ್ಕಳಿಗೂ ಇಟಲಿಯ ಸರ್ಕಾರಿ ಮ್ಯೂಸಿಯಂ ಉಚಿತ, ಬುಕಿಂಗ್ ಚಾರ್ಜ್ ಮಾತ್ರ ಕಟ್ಬೇಕು, ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಇಟ್ಕೊಳ್ಳಿ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ, ಇಡೋಕೆ ಜಾಗಾನೂ ಕೊಡಲ್ಲ, ಆದ್ರಿಂದ ರೋಮ್‌ನಿಂದ ಕೈಚೀಲದಷ್ಟೇ ತನ್ನಿ.

ಒಳಗೆ ಹೋದ ತಕ್ಷಣ ಎಲ್ರೂ ಡೇವಿಡ್ ಕಡೆ ಓಡ್ತಾರೆ. ನೀವು ಓಡ್ಬೇಡಿ. ಆ ಹಜಾರದ ಎರಡೂ ಕಡೆ ಮೈಕೆಲ್ಯಾಂಜೆಲೊ ಅರ್ಧಕ್ಕೆ ಬಿಟ್ಟ 'ಸೆರೆಯಾಳು'ಗಳು ಇವೆ, ಪೋಪ್ ಎರಡನೇ ಜೂಲಿಯಸ್‌ನ ಸಮಾಧಿಗೆ ಅಂತ ಶುರು ಮಾಡಿದ್ದು. ಮೈ ಅರ್ಧ ಕಲ್ಲೊಳಗೇ ಇದೆ, ಚಾಣದ ಗೆರೆ ಕಣ್ಣಿಗೆ ಕಾಣುತ್ತೆ. ನಿಮ್ಮಪ್ಪನಿಗೆ ಡೇವಿಡ್‌ಗಿಂತ ಇವೇ ಹಿಡಿಸಿದ್ರೆ ನಂಗೇನೂ ಆಶ್ಚರ್ಯ ಇಲ್ಲ. ಡೇವಿಡ್ ಕಲ್ಲಿನ ಕತೆ ಗೊತ್ತಿದ್ರೆ ನೋಡೋದೂ ಬೇರೆ ಥರ ಆಗುತ್ತೆ. ಬೇರೆ ಶಿಲ್ಪಿ ಕೈಹಾಕಿ ಬಿಟ್ಟುಹೋಗಿದ್ದ ಅಮೃತಶಿಲೆ ದಿಮ್ಮಿ, ಕೆಥೆಡ್ರಲ್ ಅಂಗಳದಲ್ಲಿ ಸುಮಾರು ನಲವತ್ತು ವರ್ಷ ಮಳೆಬಿಸಿಲಿಗೆ ಬಿದ್ದಿತ್ತು, 1501ರಲ್ಲಿ 26ರ ಹುಡುಗ ಮೈಕೆಲ್ಯಾಂಜೆಲೊ ಕೈಗೆ ಕೊಟ್ರು, 1504ಕ್ಕೆ 5.17 ಮೀಟರ್ ಎತ್ತರದ ಈ ಮೂರ್ತಿ. ಕೆಥೆಡ್ರಲ್‌ನ ಮೇಲ್ಭಾಗದಲ್ಲಿ ನಿಲ್ಲಿಸೋದು ಮೊದಲಿನ ಯೋಚನೆ, ತಲೆ ಮತ್ತು ಕೈ ದೊಡ್ಡದಾಗಿರೋದಕ್ಕೆ ಅದೇ ಕಾರಣ ಅಂತ ಹೇಳ್ತಾರೆ. ಆಮೇಲೆ ಮನಸ್ಸು ಬದಲಾಗಿ ಪುರಸಭೆ ಮುಂದೆ ಇಟ್ರು, 1873ರಲ್ಲಿ ಹಾಳಾಗಬಾರ್ದು ಅಂತ ಇಲ್ಲಿಗೆ ತಂದ್ರು. ಚೌಕದಲ್ಲಿ ಇವತ್ತು ನಿಂತಿರೋದು 1910ರ ನಕಲು. ಬಟ್ಟೆ ಇಲ್ಲ ಅಂತ ಅಮ್ಮನವರು ಮುಜುಗರ ಪಟ್ಕೊಂಡ್ರೆ ಮೂರ್ತಿ ಹಿಂದೆ ಸುತ್ತು ಬೆಂಚ್ ಇದೆ, ಅಲ್ಲಿ ಕೂರಿಸಿ, ಬೆನ್ನಿನ ಕೆಲಸಾನೂ ಅಷ್ಟೇ ಚೆನ್ನಾಗಿದೆ. ಮುಕ್ಕಾಲು ಗಂಟೆ, ಹೆಚ್ಚಂದ್ರೆ ಒಂದು ಗಂಟೆ, ಹೊರಡಿ.

ಅಲ್ಲಿಂದ ಕೆಥೆಡ್ರಲ್‌ಗೆ ಏಳೆಂಟು ನಿಮಿಷ. ಗುಮ್ಮಟ ಹತ್ತೋದು ಬೇಡ. 463 ಮೆಟ್ಟಿಲು, ಲಿಫ್ಟ್ ಇಲ್ಲ, ಇಕ್ಕಟ್ಟು, ಅರ್ಧಕ್ಕೆ ವಾಪಸ್ ಬರೋದೂ ಸುಲಭ ಇಲ್ಲ. ಪಕ್ಕದ ಜೊತ್ತೋ ಗೋಪುರದಲ್ಲಿ 414, ಅಲ್ಲೂ ಲಿಫ್ಟ್ ಇಲ್ಲ. ಕೆಥೆಡ್ರಲ್ ಒಳಗೆ ಹೋಗೋದು ಫ್ರೀ ಆದ್ರಿಂದ ಕ್ಯೂ ಚೌಕ ಸುತ್ತಿರುತ್ತೆ, ಒಳಗೆ ನಿರೀಕ್ಷೆಗಿಂತ ಬೋಳು, ಒಳ್ಳೊಳ್ಳೆ ಮೂಲ ಕೃತಿಗಳನ್ನೆಲ್ಲ ಹಿಂದಿನ ಮ್ಯೂಸಿಯಂಗೆ ಸಾಗಿಸಿದಾರೆ. ಕ್ಯೂ ತೀರಾ ಚಿಕ್ಕದಿದ್ರೆ ಮಾತ್ರ ಹೋಗಿ, ಭುಜ-ಮೊಣಕಾಲು ಮುಚ್ಚಿರಬೇಕು, ಸೀರೆಗೆ ತೊಂದ್ರೆ ಇಲ್ಲ, ನಿಮ್ಮ ಶಾರ್ಟ್ಸ್‌ಗೇ ತೊಂದ್ರೆ.

ಗುಮ್ಮಟ ಕೆಳಗಿಂದ್ಲೇ ನೋಡೋ ವಸ್ತು. ಚರ್ಚ್‌ನ ದಕ್ಷಿಣಕ್ಕೆ ಎದುರಿನ ಕಟ್ಟಡದ ಗೋಡೆಯಲ್ಲಿ ಕೂತಿರೋ ಮನುಷ್ಯನ ಮೂರ್ತಿ ಹುಡುಕಿ, ತಲೆ ಎತ್ತಿ ಗುಮ್ಮಟಾನೇ ನೋಡ್ತಿರ್ತಾನೆ, ಅವನೇ ಅದನ್ನ ಕಟ್ಟಿದ ಬ್ರುನೆಲ್ಲೆಸ್ಕಿ. ಎಲ್ರೂ ಕೂರೋಕೆ ಜಾಗ ನೋಡ್ಕೊಂಡು ಅಪ್ಪನಿಗೆ ಈ ಕತೆ ಹೇಳಿ. 1296ರಲ್ಲಿ ಚರ್ಚ್ ಕಟ್ಟೋಕೆ ಶುರು ಮಾಡ್ದೋರು ಅಷ್ಟು ದೊಡ್ಡ ಗುಮ್ಮಟ ಹೇಗೆ ಮುಚ್ಚೋದು ಅಂತ ಯೋಚನೆನೇ ಮಾಡಿರ್ಲಿಲ್ಲ ಅನ್ಬೋದು, ನೂರು ವರ್ಷ ಆದ್ಮೇಲೂ ಮೇಲೆ ಆಕಾಶ ಕಾಣೋ ತೂತು. ಕಮಾನು ಕಟ್ಟುವಾಗ ಕೆಳಗೆ ಮರದ ಆನಿಕೆ ಕೊಡ್ತಾರಲ್ಲ, ಅಷ್ಟಗಲಕ್ಕೆ ಅಷ್ಟೆತ್ತರಕ್ಕೆ ಅಂಥ ಮರ ಎಲ್ಲಿಂದ ತರೋದು? 1418ರಲ್ಲಿ ಸ್ಪರ್ಧೆ ಇಟ್ರು, ಅಕ್ಕಸಾಲಿ ಕೆಲಸ ಕಲಿತಿದ್ದ ಬ್ರುನೆಲ್ಲೆಸ್ಕಿ, ಆನಿಕೆನೇ ಬೇಡ ಅಂದ. 1420ರಿಂದ 1436ರ ತನಕ ಕಟ್ಟಿದ. ಒಳಗೊಂದು ಹೊರಗೊಂದು ಎರಡು ಚಿಪ್ಪು, ಮಧ್ಯೆ ಜಾಗ (ಮೆಟ್ಟಿಲು ಅಲ್ಲೇ ಇರೋದು), ಇಟ್ಟಿಗೆನ ಮೀನಿನ ಮುಳ್ಳಿನ ಥರ ಅಡ್ಡ-ಉದ್ದ ಹೆಣೆದು ಪ್ರತಿ ಸುತ್ತೂ ತನ್ನನ್ನ ತಾನೇ ಹಿಡ್ಕೊಳ್ಳೋ ಹಂಗೆ ಮಾಡ್ದ, ಗುಮ್ಮಟ ಹೊರಕ್ಕೆ ಸಿಡೀದೇ ಇರ್ಲಿ ಅಂತ ಕಲ್ಲು ಮತ್ತು ಮರದ ಪಟ್ಟಿ ಕಟ್ಟಿದ, ಭಾರ ಎತ್ತೋಕೆ ಎತ್ತುಗಳು ಸುತ್ತೋ ಯಂತ್ರ ಮಾಡ್ದ. ಎತ್ತು ಒಂದೇ ದಿಕ್ಕಿಗೆ ನಡೀತಿದ್ರೂ ಗೇರ್ ಬದಲಾಯಿಸಿದ್ರೆ ಮೇಲೆ ಹೋಗೋದು ಕೆಳಗೆ ಬರೋದು. ಬೆಳಗಾವಿಯವರು ಅಂದ್ಮೇಲೆ ಬಿಜಾಪುರದ ಗೋಳಗುಮ್ಮಟ ನೋಡೇ ಇರ್ತೀರಿ, 1656ರದ್ದು, ಅದರ ಹೊರ ಅಗಲ 44 ಮೀಟರ್, ಇದು ಅದಕ್ಕಿಂತ ಅಗಲ, ಮತ್ತೆ ಅದು ದುಂಡಗೆ, ಇದು ಎಂಟು ಮೂಲೆ. ಎರಡನ್ನೂ ಕಣ್ಣಾರೆ ನೋಡಿದ ಮೇಷ್ಟ್ರು ಹತ್ರ ಅರ್ಧ ಗಂಟೆ ಮಾತಿಗೆ ವಿಷಯ ಇದೆ, ನೀವು ಸುಮ್ನೆ ಕೇಳಿಸ್ಕೊಳ್ಳಿ.

ಮಗಳಿಗೆ ಅಷ್ಟೊತ್ತು ಒಂದು ಕೆಲಸ ಕೊಡಿ: ಗುಮ್ಮಟದ ಹಿಂಭಾಗದ ನೆಲದಲ್ಲಿ ಒಂದು ಬಿಳಿ ದುಂಡು ಕಲ್ಲು ಹುಡುಕು ಅಂತ. 1600ರ ಸುಮಾರಿಗೆ ಸಿಡಿಲು ಹೊಡೆದು ತುದಿಯ ಚಿನ್ನದ ಲೇಪದ ಗೋಳ ಬಿದ್ದ ಜಾಗದ ಗುರುತು. ಆಮೇಲೆ ಎದುರಿನ ಎಂಟು ಮೂಲೆ ಬ್ಯಾಪ್ಟಿಸ್ಟರಿಯ (ದೀಕ್ಷಾಸ್ನಾನದ ಕಟ್ಟಡ) ಬಂಗಾರ ಬಣ್ಣದ ಬಾಗಿಲು, ಗಿಬೆರ್ತಿ 1425ರಿಂದ 1452ರ ತನಕ ಕೂತು ಮಾಡಿದ್ದು, ಹೊರಗಿರೋದು ನಕಲು. ಕೆಥೆಡ್ರಲ್‌ನ ಮುಂಭಾಗದ ಹಸಿರು-ಬಿಳಿ-ಗುಲಾಬಿ ಅಲಂಕಾರ ನೋಡಿ ಎಷ್ಟು ಹಳೇದು ಅನ್ಬೇಡಿ, ಅದು ಮುಗಿದಿದ್ದು 1887ರಲ್ಲಿ.

ಹನ್ನೆರಡೂವರೆಗೆ ಊಟ. ಇದನ್ನ ಒತ್ತಿ ಹೇಳ್ತೀನಿ: ದಿನದ ದೊಡ್ಡ ಊಟ ಮಧ್ಯಾಹ್ನವೇ ಆಗ್ಲಿ. ಇಲ್ಲಿನ ಹೋಟೆಲ್ ಅಡುಗೆಮನೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಚ್ಚಿದ್ರೆ ಮತ್ತೆ ತೆಗೆಯೋದು ರಾತ್ರಿ ಏಳೂವರೆಗೆ. ಮೂರು ಗಂಟೆಗೆ ಹಸಿವಾಯ್ತು ಅಂತ ಹೋದ್ರೆ ಸಿಗೋದು ಪ್ರವಾಸಿಗಳಿಗೇ ಅಂತ ಫೋಟೋ ಮೆನು ಇಟ್ಕೊಂಡು ಬಾಗಿಲಲ್ಲಿ ನಿಂತು ಕರೆಯೋ ಜಾಗಗಳು, ಕರೆಯೋ ಕಡೆ ಹೋಗ್ಲೇಬೇಡಿ. ಸಾನ್ ಲೊರೆಂತ್ಸೊ ಚರ್ಚ್ ಸುತ್ತಮುತ್ತ ಯಾವುದಾದ್ರೂ ಚಿಕ್ಕ ತ್ರತ್ತೊರಿಯಾದಲ್ಲಿ (ಮನೆಯೂಟದ ಥರದ ಹೋಟೆಲ್) ಮುಂಚೆನೇ ಟೇಬಲ್ ಹೇಳಿಡಿ. ಆಗ್ಲಿಲ್ಲ ಅಂದ್ರೆ ಪಕ್ಕದಲ್ಲೇ ಮೆರ್ಕಾತೊ ಚೆಂತ್ರಾಲೆ ಇದೆ, 1874ರ ಕಬ್ಬಿಣ-ಗಾಜಿನ ಮಾರ್ಕೆಟ್, ಕೆಳಗೆ ತರಕಾರಿ-ಚೀಸ್-ಮಾಂಸ, ಮೇಲಿನ ಮಹಡೀಲಿ 2014ರಿಂದ ಫುಡ್ ಕೋರ್ಟ್, ಗದ್ದಲ ಇರುತ್ತೆ ಆದ್ರೆ ಒಬ್ಬೊಬ್ರಿಗೆ ಬೇಕಾದ್ದು ಒಬ್ಬೊಬ್ರು ತರ್ಬೋದು. ಕೆಳಗಿನ ಮಾಂಸದ ಅಂಗಡಿ ಸಾಲು ಅಮ್ಮನವರಿಗೆ ಆಗದೇ ಇರ್ಬೋದು, ಸೀದಾ ಮೇಲೆ ಕರ್ಕೊಂಡು ಹೋಗಿ.

ಫ್ಲಾರೆನ್ಸ್ ಅಂದ್ರೆ ಬೀಫ್ ಸ್ಟೇಕ್ ಊರು, ಬೀದಿ ತಿಂಡಿ ಅಂದ್ರೆ ದನದ ಹೊಟ್ಟೆಭಾಗದ ಲಂಪ್ರೆದೊತ್ತೊ, ಇದನ್ನ ಕೇಳಿ ಸಸ್ಯಾಹಾರಿಗಳು ಹೆದರ್ತಾರೆ. ಆದ್ರೆ ಟಸ್ಕನಿಯ ಬಡವರ ಅಡುಗೆ ಪೂರ್ತಿ ಬ್ರೆಡ್ಡು, ಕಾಳು, ಸೊಪ್ಪು, ಎಣ್ಣೆ ಮೇಲೆ ನಿಂತಿದೆ. ಪಾಪ್ಪಾ ಅಲ್ ಪೊಮೊದೊರೊ, ಹಳೇ ಬ್ರೆಡ್ಡನ್ನ ಟೊಮ್ಯಾಟೋ, ಬೆಳ್ಳುಳ್ಳಿ, ತುಳಸಿ ಜಾತಿಯ ಬೇಸಿಲ್ ಜೊತೆ ಬೇಯಿಸಿದ್ದು, ಹಲ್ಲು ನೋವಿರೋರೂ ತಿನ್ಬೋದು. ರಿಬೊಲ್ಲಿತಾ, ಬಿಳಿ ಬೀನ್ಸು, ಕಪ್ಪು ಎಲೆಕೋಸು ಹಾಕಿ ಗಟ್ಟಿಯಾಗಿ ಬೇಯಿಸಿ ಮಾರನೇ ದಿನ ಮತ್ತೆ ಕುದಿಸೋ ಸೂಪು. ಫಜೊಲಿ ಅಲ್ಲುಚ್ಚೆಲ್ಲೆತ್ತೊ, ಟೊಮ್ಯಾಟೋ ಗೊಜ್ಜಲ್ಲಿ ಬೀನ್ಸು. ಮೂರರಲ್ಲೂ ಒಂದೊಂದು ಬಲೆ ಇದೆ: ಸೂಪಿಗೆ ಮಾಂಸದ ಬ್ರೋದೊ (ಬೇಯಿಸಿದ ನೀರು) ಹಾಕಿರ್ಬೋದು, ಬೀನ್ಸ್‌ಗೆ ಸಾಸೇಜ್ ಸೇರಿಸಿರ್ಬೋದು. ಕೇಳೋ ಮಾತು ಇಷ್ಟೇ: "ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ, ಸೆಂತ್ಸಾ ವೋವಾ, ಸೆಂತ್ಸಾ ಬ್ರೋದೊ ದಿ ಕಾರ್ನೆ", ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ಸ್ಟಾಕ್ ಬೇಡ. ಫೋನಲ್ಲಿ ಇಟಾಲಿಯನ್‌ನಲ್ಲಿ ಬರೆದಿಟ್ಟು ತೋರಿಸಿದ್ರೆ ಇನ್ನೂ ಒಳ್ಳೇದು. ಊಟಕ್ಕೆ ಮುಂಚೆ ಕ್ರೊಸ್ತಿನಿ ಅಂತ ಕಂದು ಪೇಸ್ಟ್ ಸವರಿದ ಬ್ರೆಡ್ ತಂದ್ರೆ ಮುಟ್ಬೇಡಿ, ಅದು ಕೋಳಿ ಲಿವರ್.

ಮೊಟ್ಟೆ ವಿಷಯದಲ್ಲಿ ಜಾಸ್ತಿ ಜನ ಎಡವೋದು ಪಾಸ್ತಾದಲ್ಲಿ. ತಾಜಾ ಪಾಸ್ತಾ, ಅಂದ್ರೆ ತಾಲ್ಯತೆಲ್ಲೆ, ಪಪ್ಪರ್ದೆಲ್ಲೆ, ರವಿಯೋಲಿ, ಇವುಗಳ ಹಿಟ್ಟಲ್ಲೇ ಮೊಟ್ಟೆ ಇರುತ್ತೆ. ಒಣ ಪಾಸ್ತಾ, ಸ್ಪಗೆತ್ತಿ, ಪೆನ್ನೆ, ಸಾಮಾನ್ಯವಾಗಿ ಬರೀ ಗೋಧಿ ರವೆ-ನೀರು. ಟಸ್ಕನಿಯದೇ ಪೀಚಿ ಅಂತ ದಪ್ಪ ಶಾವಿಗೆ ಸಿಗುತ್ತೆ, ಹಿಟ್ಟು-ನೀರಲ್ಲೇ ಹೊಸೆಯೋದು ಮಾಮೂಲಿ ಕ್ರಮ, ಬೆಳ್ಳುಳ್ಳಿ-ಟೊಮ್ಯಾಟೋ ಸಾಸ್ ಜೊತೆ 'ಪೀಚಿ ಅಲ್ಲಲ್ಯೋನೆ' ಕೇಳಿ, ಮೊಟ್ಟೆ ಇಲ್ಲ ತಾನೆ ಅಂತ ಖಾತ್ರಿ ಮಾಡ್ಕೊಳ್ಳಿ, ನಿಮ್ಮ ಟೇಬಲ್‌ನಲ್ಲಿ ಎಲ್ರಿಗೂ ಇಷ್ಟ ಆಗೋದು ಇದೇ. ಚೀಸ್ ಬಗ್ಗೆ ನೇರವಾಗಿ ಹೇಳ್ಬಿಡ್ತೀನಿ, ಪಾರ್ಮೆಜಾನೊ ಹೆಪ್ಪು ಹಾಕೋದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಪೆಕೊರಿನೊಗೂ ಹೆಚ್ಚಾಗಿ ಪ್ರಾಣಿ ರೆನೆಟ್ಟೇ, ಹೇಳೋದು ಬಿಡೋದು ನಿಮ್ಮ ಮನೆ ವಿಷಯ. ಸಿಹಿಯಲ್ಲಿ ತಿರಮಿಸು ಮೊಟ್ಟೆ, ಕಂತುಚ್ಚಿ ಬಿಸ್ಕೆಟ್ ಮೊಟ್ಟೆ, ಪಾನ್ನಾ ಕೊತ್ತಾದಲ್ಲಿ ಜೆಲಟಿನ್, ಅದೂ ಪ್ರಾಣಿಯದೇ. ಜೆಲಾತೊನೇ (ಇಲ್ಲಿನ ಐಸ್‌ಕ್ರೀಮ್) ದಾರಿ: ಹಣ್ಣಿನವು ಮತ್ತೆ ಬರೀ ಹಾಲಿನ 'ಫಿಯೋರ್ ದಿ ಲಾತ್ತೆ' ಸಾಮಾನ್ಯವಾಗಿ ಮೊಟ್ಟೆ ಇಲ್ಲದವು, 'ಕ್ರೇಮಾ' ಅಂದ್ರೆ ಹಳದಿ ಭಾಗ ಹಾಕಿರ್ತಾರೆ. ಗುಡ್ಡದ ಥರ ಮೇಲೆದ್ದಿರೋ, ಗಿಣಿಹಸಿರು ಪಿಸ್ತಾ ಇರೋ ಅಂಗಡಿ ಬಿಡಿ, ನಿಜವಾದ ಪಿಸ್ತಾ ಮಂಕು ಕಂದು-ಹಸಿರು.

ಬ್ರೆಡ್ ಸಪ್ಪೆ ಅಂತ ಮಾಣಿನ ಬೈಬೇಡಿ, ಟಸ್ಕನಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ. ಪೀಸಾದವರು ಹಿಂದೆ ಉಪ್ಪು ತಡೆದಿದ್ದಕ್ಕೆ ಅಂತ ಕತೆ ಕಟ್ಟಿದಾರೆ, ನಂಬೋದು ನಿಮಗೆ ಬಿಟ್ಟಿದ್ದು. ಅಮ್ಮನವರ ಬ್ಯಾಗಲ್ಲಿ ಹೇಗೂ ಶೇಂಗಾ ಚಟ್ನಿಪುಡಿ ಡಬ್ಬಿ ಇರುತ್ತೆ, ಆಲಿವ್ ಎಣ್ಣೆಗೆ ಕಲಸಿ ಈ ಬ್ರೆಡ್ ಅದ್ದಿ ತಿಂದು ನೋಡಿ, ಸಪ್ಪೆ ಬ್ರೆಡ್ ಯಾಕಿದೆ ಅಂತ ಗೊತ್ತಾಗುತ್ತೆ. ಬಿಲ್‌ನಲ್ಲಿ ತಲೆಗೆ ಎರಡು-ಮೂರು ಯೂರೋ 'ಕೊಪೆರ್ತೊ' ಅಂತ ಬರುತ್ತೆ, ಮೋಸ ಅಲ್ಲ, ಕೂತಿದ್ದಕ್ಕೆ ಮತ್ತೆ ಬ್ರೆಡ್ಡಿಗೆ. ಟಿಪ್ಸ್ ಕೊಡ್ಲೇಬೇಕು ಅಂತೇನಿಲ್ಲ.

ಎರಡು ಗಂಟೆ ಮೇಲೆ ನಿಧಾನಕ್ಕೆ ಪಿಯಾತ್ಸಾ ದೆಲ್ಲಾ ಸಿನ್ಯೊರಿಯಾ ಚೌಕಕ್ಕೆ. ಡೇವಿಡ್ ನಕಲು ಇಲ್ಲೇ. ಪಕ್ಕದ ಮೂರು ಕಮಾನಿನ ಮಂಟಪದಲ್ಲಿ ಚೆಲ್ಲೀನಿಯ ಪರ್ಸಿಯಸ್, ಕತ್ತರಿಸಿದ ತಲೆ ಹಿಡ್ಕೊಂಡಿರೋ ಕಂಚಿನ ಮೂರ್ತಿ, ಟಿಕೆಟ್ ಇಲ್ದೆ ನೋಡೋ ಮ್ಯೂಸಿಯಂ ಅಂದ್ರೆ ಇದೇ. ನೆಲದಲ್ಲಿ ಒಂದು ದುಂಡು ಫಲಕ ಇದೆ, ಊರಿನ ಐಷಾರಾಮದ ವಸ್ತುಗಳನ್ನೆಲ್ಲ ಸುಡಿಸಿದ ಸನ್ಯಾಸಿ ಸವೊನಾರೊಲಾನ 1498ರಲ್ಲಿ ಅದೇ ಚೌಕದಲ್ಲಿ ಗಲ್ಲಿಗೇರಿಸಿ ಸುಟ್ಟ ಜಾಗ. ಇಷ್ಟೆಲ್ಲ ಕಲೆ ಊರಲ್ಲೇ ಹೇಗೆ ಉಳೀತು ಅಂತ ಅಪ್ಪ ಕೇಳಿದ್ರೆ ಉತ್ತರ ಒಬ್ಬ ಹೆಣ್ಣುಮಗಳು: ಈ ಊರನ್ನ ಆಳಿದ ಮೆದಿಚಿ ವಂಶದ ಕೊನೆಯವಳು, ಆನ್ನಾ ಮರಿಯಾ ಲೂಯಿಸಾ, 1737ರಲ್ಲಿ ಹೊಸ ದೊರೆಗಳ ಜೊತೆ ಒಪ್ಪಂದ ಮಾಡ್ಕೊಂಡು ಮನೆತನದ ಸಂಗ್ರಹ ಯಾವುದೂ ಫ್ಲಾರೆನ್ಸ್ ಬಿಟ್ಟು ಹೋಗಬಾರ್ದು ಅಂತ ಕಟ್ಟುಹಾಕಿದ್ಲು. ನೆಪ್ಚೂನ್ ಕಾರಂಜಿ ಪಕ್ಕ, ಹಳೇ ಅರಮನೆ ಗೋಡೆ ಹತ್ರ, ಕುಡಿಯೋ ನೀರಿನ ನಲ್ಲಿ ಇದೆ, ತಣ್ಣನೆ ನೀರು, ಗ್ಯಾಸ್ ನೀರು ಕೂಡ ಬಿಟ್ಟಿ, ಬಾಟ್ಲಿ ತುಂಬ್ಕೊಳ್ಳಿ.

ಮೂರಕ್ಕೆ ಎರಡನೇ ಬುಕಿಂಗ್, ಮ್ಯೂಸಿಯೊ ಗೆಲಿಲಿಯೋ, ಉಫೀತ್ಸಿ ಹಿಂದೆ ನದಿ ದಂಡೆ ಮೇಲೆ. ಮಂಗಳವಾರ ಬೇಡ ಅಂದಿದ್ದು ಇದಕ್ಕೇ, ಅವತ್ತು ಮಧ್ಯಾಹ್ನ ಒಂದಕ್ಕೇ ಮುಚ್ತಾರೆ. ಇಲ್ಲಿ ನೂಕುನುಗ್ಗಲು ಇಲ್ಲ, ಲಿಫ್ಟ್ ಇದೆ. ಗೆಲಿಲಿಯೋ ಬಳಸಿದ ಎರಡು ದೂರದರ್ಶಕ ಇದೆ, 1610ರ ಜನವರೀಲಿ ಗುರುಗ್ರಹದ ಚಂದ್ರರನ್ನ ತೋರಿಸಿದ ಮಸೂರ, ಬಿರುಕು ಬಿಟ್ಟಿದ್ದು, ದಂತದ ಫ್ರೇಮಲ್ಲಿ ಇಟ್ಟಿದಾರೆ. ಮತ್ತೆ ಮಗಳು ಸ್ಕೂಲಲ್ಲಿ ವರ್ಷಪೂರ್ತಿ ಹೇಳ್ಕೊಂಡು ತಿರುಗೋ ವಸ್ತು: ಗಾಜಿನೊಳಗೆ ಗೆಲಿಲಿಯೋನ ನಡುಬೆರಳು! 1642ರಲ್ಲಿ ಗೃಹಬಂಧನದಲ್ಲೇ ಸತ್ತ, ಚರ್ಚ್ ಶಿಕ್ಷೆ ಕೊಟ್ಟಿದ್ದಕ್ಕೆ ಮರ್ಯಾದೆಯ ಸಮಾಧಿ ಸಿಕ್ಕಿರ್ಲಿಲ್ಲ, 1737ರಲ್ಲಿ ಸಾಂತಾ ಕ್ರೋಚೆಗೆ ಸಾಗಿಸುವಾಗ ಅಭಿಮಾನಿಗಳು ಬೆರಳು ಕಿತ್ಕೊಂಡ್ರು. ಅಪ್ಪನೂ ಮೊಮ್ಮಗಳೂ ಒಂದೇ ಗಾಜಿನ ಮುಂದೆ ನಿಲ್ಲೋ ಜಾಗ ಈ ಊರಲ್ಲಿ ಇದೊಂದೇ ಅಂತ ನನ್ನ ಅಂಬೋಣ.

ಪೊಂತೆ ವೆಕ್ಯೋ ಅಲ್ಲಿಂದ ಎರಡು ಹೆಜ್ಜೆ. 1345ರ ಸೇತುವೆ, ಮೊದ್ಲು ಕಟುಕರ ಅಂಗಡಿ ಇದ್ವು, 1593ರಲ್ಲಿ ದೊರೆ ವಾಸನೆ ತಡೀದೆ ಅವ್ರನ್ನ ಎಬ್ಬಿಸಿ ಅಕ್ಕಸಾಲಿಗಳನ್ನ ಕೂರಿಸಿದ. 1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರೀವಾಗ ಊರಿನ ಬೇರೆಲ್ಲ ಸೇತುವೆ ಸಿಡಿಸಿ ಇದೊಂದನ್ನ ಬಿಡ್ತು. ಮೇಲೆ ನಡೆಯೋದಕ್ಕಿಂತ ಪಕ್ಕದ ಸೇತುವೆಯಿಂದ ನೋಡಿದ್ರೆ ಚೆಂದ. ಚಿನ್ನದ ರೇಟು ಕೇಳ್ಬೇಡಿ, ಅಮ್ಮನವರಿಗೆ ಬೆಳಗಾವಿ ಸರಾಫ್ ಕಟ್ಟೆ ನೆನಪಾಗುತ್ತೆ.

ಐದು-ಐದೂವರೆಗೆ ಗುಡ್ಡದ ಮೇಲೆ, ಪಿಯಾತ್ಸಾಲೆ ಮಿಕೆಲಾಂಜೆಲೊ. ನಡ್ಕೊಂಡು ಹತ್ತಿಸ್ಬೇಡಿ, ಟ್ಯಾಕ್ಸಿ ತಗೊಳ್ಳಿ. ಇಲ್ಲಿ ರಸ್ತೇಲಿ ಕೈ ತೋರ್ಸಿದ್ರೆ ಟ್ಯಾಕ್ಸಿ ಸಾಮಾನ್ಯವಾಗಿ ನಿಲ್ಸಲ್ಲ, ಸ್ಟ್ಯಾಂಡ್‌ಗೆ ಹೋಗ್ಬೇಕು ಇಲ್ಲ ಫೋನ್ ಮಾಡ್ಬೇಕು. 12, 13 ನಂಬರ್ ಬಸ್ಸೂ ಹೋಗುತ್ತೆ, ಕಾರ್ಡ್ ತಟ್ಟಿದ್ರೆ ಸಾಕು. ಮೇ ಕೊನೇಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತರ ಹತ್ರ, ಅದಕ್ಕೆ ಕಾಯ್ತಾ ಕೂತ್ರೆ ರೈಲು ಕೈತಪ್ಪುತ್ತೆ, ಸಂಜೆ ಬಿಸಿಲಲ್ಲೇ ನೋಡಿ, ಇಡೀ ಊರು, ಬೆಳಿಗ್ಗೆ ಕೆಳಗಿಂದ ನೋಡಿದ ಗುಮ್ಮಟ, ಎಲ್ಲಾ ಒಂದೇ ನೋಟಕ್ಕೆ.

ಅಪ್ಪನಿಗೆ ಇನ್ನೊಂದು ವಿಷಯ, ಇದು ಗೊತ್ತಿರೋರು ಕಮ್ಮಿ. ಅಲ್ಲಿಂದ ನದಿ ಹರಿಯೋ ದಿಕ್ಕಿಗೆ ದೂರದಲ್ಲಿ ಕಾಶಿನೆ ಪಾರ್ಕ್, ಅದರ ತುದೀಲಿ ನಿಮ್ಮ ಪಕ್ಕದೂರು ಕೊಲ್ಹಾಪುರದ ಮಹಾರಾಜ ರಾಜಾರಾಮನ ಸ್ಮಾರಕ ಇದೆ. ಇಂಗ್ಲೆಂಡ್ ಪ್ರವಾಸ ಮುಗಿಸಿ ವಾಪಸ್ ಬರುವಾಗ 1870ರ ನವೆಂಬರ್ 30ಕ್ಕೆ ಇಲ್ಲಿ ತೀರಿಕೊಂಡ, ಇನ್ನೂ ಎಳೇ ವಯಸ್ಸು. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಆರ್ನೊ ನದಿಗೆ ಮುನ್ಯೋನೆ ಹೊಳೆ ಸೇರೋ ಸಂಗಮದಲ್ಲಿ ಹಿಂದೂ ಪದ್ಧತೀಲಿ ದಹನ ಮಾಡಿದ್ರು, 1874ರಲ್ಲಿ ಛತ್ರಿ ಕೆಳಗೆ ಅವನ ಬಣ್ಣದ ಅರೆಮೂರ್ತಿ ನಿಲ್ಲಿಸಿದ್ರು, ಪಕ್ಕದ ದೊಡ್ಡ ಸೇತುವೆಗೂ 'ಭಾರತೀಯನ ಸೇತುವೆ' ಅಂತ್ಲೇ ಹೆಸರು. ಊರ ನಡುವಿಂದ ದೂರ, ಆ ದಿನದ ಪಟ್ಟಿಗೆ ಹಿಡಿಯಲ್ಲ. ಅಪ್ಪ ಹಠ ಹಿಡಿದ್ರೆ ಗುಡ್ಡ ಬಿಟ್ಟು ಟ್ಯಾಕ್ಸೀಲಿ ಅಲ್ಲಿಗೇ ಹೋಗಿ, ನಾನಾದ್ರೆ ಬೇಡ ಅನ್ನಲ್ಲ.

ಎಂಟೂವರೆ ಸುಮಾರಿನ ರೈಲು ಹಿಡೀರಿ. ರಾತ್ರಿಗೆ ಸ್ಕ್ಯಾಚ್ಚಾತಾ ಕಟ್ಟಿಸ್ಕೊಳ್ಳಿ, ಎಣ್ಣೆ-ಉಪ್ಪು ಹಾಕಿದ ಚಪ್ಪಟೆ ಬ್ರೆಡ್, ಒಳಗೆ ಬೇಯಿಸಿದ ಬದನೆ, ಟೊಮ್ಯಾಟೋ, ಮೊತ್ಸಾರೆಲ್ಲಾ. ವಿಯಾ ದೇಯಿ ನೇರಿ ಗಲ್ಲೀಲಿ ಪ್ರಸಿದ್ಧ ಅಂಗಡಿಗಳ ಮುಂದೆ ಉದ್ದ ಕ್ಯೂ, ಅಷ್ಟು ಕಾಯೋ ಅಗತ್ಯ ಇಲ್ಲ, ಯಾವ ಒಳ್ಳೆ ಬೇಕರೀಲೂ ಸಿಗುತ್ತೆ. ತಗೊಂಡು ಫುಟ್‌ಪಾತ್ ಮೇಲೆ ಕೂತು ತಿನ್ಬೇಡಿ, ಆ ಗಲ್ಲೀಲಿ ಊಟದ ಹೊತ್ತಲ್ಲಿ ಹಾಗೆ ತಿಂದ್ರೆ ದಂಡ ಹಾಕೋ ನಿಯಮ 2018ರಲ್ಲಿ ತಂದಿದ್ರು. ರೈಲಲ್ಲಿ ತಿನ್ನಿ.

ಕಾರ್ ಕೇಳಿದ್ರಲ್ಲ, ಬೇಡ್ವೇ ಬೇಡ. ಹಳೇ ಊರಿನ ಒಳಭಾಗ ಪೂರ್ತಿ ಝಡ್‌ಟಿಎಲ್, ಅಂದ್ರೆ ಪರ್ಮಿಟ್ ಇರೋ ಗಾಡಿಗೆ ಮಾತ್ರ. ತಡೆಯೋಕೆ ಯಾರೂ ನಿಂತಿರಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದ್ಕೊಳ್ಳುತ್ತೆ, ಒಂದೊಂದ್ಸಲ ಒಳಗೆ ಹೋದಾಗ್ಲೂ ಬೇರೆ ಬೇರೆ ದಂಡ, ಬಾಡಿಗೆ ಕಂಪನಿ ನಿಮ್ಮ ವಿವರ ಕೊಟ್ಟಿದ್ದಕ್ಕೆ ಅಂತ ತನ್ನದೂ ಚಾರ್ಜ್ ಸೇರಿಸುತ್ತೆ, ನೋಟಿಸು ಎಷ್ಟೋ ತಿಂಗಳಾದ್ಮೇಲೆ ಮ್ಯೂನಿಕ್ ಮನೆಗೆ ಬರುತ್ತೆ. ಆ ದುಡ್ಡಲ್ಲಿ ರೈಲಲ್ಲಿ ಫಸ್ಟ್ ಕ್ಲಾಸ್ ಸೀಟ್ ಹಾಕಿ, ಅಮ್ಮನವರು ಕಾಲು ಚಾಚ್ಕೊಂಡು ಬರ್ಲಿ.